ನೆಟ್ ಬರುವ ಮೊದಲೇ ಬದುಕು ಲಾಯ್ಕಿತ್ತಾ?

ಓದುಗರ ಪ್ರಶ್ನೆ: "ಇಂಟರ್‌ನೆಟ್ ಇಲ್ಲದ ಕಾಲವೇ ಲಾಯ್ಕಿತ್ತು, ಆಗ ನೆಮ್ಮದಿ ಇತ್ತು ಎಂದು ಮನೆಯಲ್ಲಿ ಹಿರಿಯರು ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಅದು ನಿಜವಾ, ಅಥವಾ ಪ್ರಾಯ ಆದ ಮೇಲೆ ಎಲ್ಲರೂ ಹೇಳುವ ಮಾತಾ?"

ಸ್ವಲ್ಪ ನಿಜ, ಸ್ವಲ್ಪ ಪ್ರಾಯದ ಮಾತು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಆಗಿನ ಸರಕಾರಿ ಕಂಪನಿ ವಿಎಸ್‌ಎನ್‌ಎಲ್ ಶುರುಮಾಡಿದ್ದು 1995ರ ಆಗಸ್ಟ್ 15ಕ್ಕೆ. ಈಗ ಐವತ್ತರ ಆಸುಪಾಸಿನಲ್ಲಿರುವವರಿಗೆ ಆಗ ಇಪ್ಪತ್ತರ ಹರೆಯ. ಮೊಣಕಾಲು ನೋವು, ಸಾಲದ ಕಂತು, ಮಕ್ಕಳ ಫೀಸು ಯಾವುದೂ ಇಲ್ಲದ ಕಾಲ. ಮೊದಲು ಆ ಲೆಕ್ಕ ಕಳೆದು ಉಳಿದದ್ದನ್ನು ನೋಡಬೇಕು. ಅದನ್ನೂ 'ಬದುಕು' ಎಂದು ಇಡಿಯಾಗಿ ಹಿಡಿಯಲು ಹೋದರೆ ಕೈಗೆ ಸಿಗುವುದಿಲ್ಲ. ಹಣ ಕಳಿಸುವುದು, ಸುದ್ದಿ ಮುಟ್ಟಿಸುವುದು, ಜಾಗದ ಕಾಗದ ತೆಗೆಸುವುದು, ರಾತ್ರಿ ಮಲಗುವುದು ಎಂದು ಒಂದೊಂದೇ ಕೆಲಸವಾಗಿ ಬಿಡಿಸಿದರೆ ಉತ್ತರ ತಾನಾಗಿ ಹೊರಬೀಳುತ್ತದೆ.

ಹಣದಿಂದ ಶುರುಮಾಡುವ. ಮುಂಬೈಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಉಡುಪಿ ಕಡೆಯವರು ಮನೆಗೆ ಹಣ ಕಳಿಸುತ್ತಿದ್ದದ್ದು ಮನಿಯಾರ್ಡರಿನಲ್ಲಿ. ಕಮಿಷನ್ 20 ರೂಪಾಯಿಗೆ 1 ರೂಪಾಯಿ, ಅಂದರೆ ನೂರಕ್ಕೆ ಐದು. 500 ರೂಪಾಯಿ ಊರಿಗೆ ಮುಟ್ಟಬೇಕಾದರೆ 25 ರೂಪಾಯಿ ಅಂಚೆಯವರಿಗೆ. ಫಾರ್ಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯುವಷ್ಟು ಜಾಗದ ಒಂದು ತುಂಡು ಇರುತ್ತಿತ್ತು. 'ಅಕ್ಕಿಗೆ 200, ಸೊಸೈಟಿ ಸಾಲಕ್ಕೆ 300, ದನ ಕರು ಹಾಕಿತಾ?' ಎಂಬಷ್ಟು ಅದರಲ್ಲಿ ಹಿಡಿಯುತ್ತಿತ್ತು. ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ಕುಳಿತು ನೋಟು ಎಣಿಸಿ, ಸಹಿ ಹಾಕಿಸಿಕೊಂಡು, ಆ ತುಂಡನ್ನು ಹರಿದು ಕೊಡುತ್ತಿದ್ದರು. ನೋಟು ಖರ್ಚಾಗುತ್ತಿತ್ತು, ತುಂಡು ಟ್ರಂಕಿನೊಳಗೆ ಉಳಿಯುತ್ತಿತ್ತು. ಆ ಹಳೆಯ ಮನಿಯಾರ್ಡರ್ 2015ರಲ್ಲಿ ನಿಂತಿತು, ಮರುವರ್ಷ ಯುಪಿಐ ಬಂತು. ಈಗ ಅದೇ 500 ರೂಪಾಯಿ ಒಂದು ಪೈಸೆ ಕಮಿಷನ್ ಇಲ್ಲದೆ, ಕಣ್ಣು ಮುಚ್ಚಿ ಬಿಡುವುದರೊಳಗೆ ಬಂದು ಬೀಳುತ್ತದೆ. ಈ ವಿಷಯದಲ್ಲೂ ಹಳೆಯದೇ ಚೆಂದ ಎನ್ನುವವರು ಆ 25 ರೂಪಾಯಿ ಕಟ್ಟಿದವರಾಗಿರಲಾರರು.

ಆದರೆ ಬ್ಯಾಂಕು ಮನೆ ಬಾಗಿಲಿಗೆ ಬರುವುದನ್ನು ಆ್ಯಪ್‌ನವರು ಕಂಡುಹಿಡಿದರು ಎಂದು ಯಾರಾದರೂ ಹೇಳಿದರೆ ಉಡುಪಿಯವರು ನಗಬೇಕು. 1925ರಲ್ಲಿ ಇಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲೇ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಕನಿಷ್ಠ ಎರಡಾಣೆ. ಪಿಗ್ಮಿಯವರು ಅಂಗಡಿ, ಮನೆ, ಮೀನು ಮಾರುವ ಜಾಗಕ್ಕೇ ಬಂದು ಹಣ ತೆಗೆದುಕೊಂಡು ಕಾರ್ಡಿನಲ್ಲಿ ಬರೆದು ಹೋಗುತ್ತಿದ್ದರು. ಪಿಗ್ಮಿ ಮಾಡಿದ್ದು ಉಳಿಸುವುದನ್ನು ಸುಲಭ, ಕ್ಯೂಆರ್ ಕೋಡ್ ಮಾಡಿದ್ದು ಖರ್ಚು ಮಾಡುವುದನ್ನು ಸುಲಭ. ತಿಂಗಳ ಕೊನೆಗೆ ಹಣ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ ಎನ್ನುವ ಹಿರಿಯರ ದೂರಿನ ಬೇರು ಇಲ್ಲಿದೆ, ಅದರಲ್ಲಿ ಹುರುಳು ಉಂಟು. ಇದಕ್ಕೆ ಮದ್ದೂ ಸುಲಭ. ಯುಪಿಐಗೆ ಸಂಬಳದ ಖಾತೆಯನ್ನು ಜೋಡಿಸಬೇಡಿ. ಇನ್ನೊಂದು ಖಾತೆ ತೆರೆದು ವಾರಕ್ಕೊಮ್ಮೆ ಆ ವಾರದ ಖರ್ಚಿನಷ್ಟೇ ಹಾಕಿ, ಅದನ್ನು ಜೋಡಿಸಿ. ಮೋಸ ಹೋದರೂ ಹೋಗುವುದು ಅಷ್ಟೇ. ಹಾಗೇನಾದರೂ ಆದರೆ ಮನೆಯವರಿಗೆ ಹೇಳಲು ನಾಚಿಕೆಪಡುತ್ತಾ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಯಿಂದ ಅದರ ಮುಂದಿನದಕ್ಕೆ ದಾಟುವ ಮೊದಲು ತಡೆದರೆ ಮಾತ್ರ ಸಿಗುತ್ತದೆ, ಮರುದಿನಕ್ಕೆ ಆಸೆ ಕಡಿಮೆ.

ಸುದ್ದಿ ಮುಟ್ಟಿಸುವ ವಿಷಯದಲ್ಲಿ ಆ ಕಾಲ ಚೆನ್ನಾಗಿತ್ತು ಎನ್ನಲು ತುಂಬಾ ಧೈರ್ಯ ಬೇಕು. ಮನೆಗೆ ಫೋನು ಬೇಕೆಂದು ಅರ್ಜಿ ಹಾಕಿದರೆ ವರ್ಷಗಟ್ಟಲೆ ಪಾಳಿ. ಫೋನಿಲ್ಲದವರು ಪಕ್ಕದ ಮನೆಯ ನಂಬರನ್ನೇ ಮದುವೆ ಕಾಗದದಲ್ಲಿ ಅಚ್ಚು ಹಾಕಿಸಿ ಮುಂದೆ 'ಪಿ.ಪಿ.' ಎಂದು ಸೇರಿಸುತ್ತಿದ್ದರು. ಕರೆ ಬಂದರೆ ಆ ಮನೆಯ ಹುಡುಗ ಗದ್ದೆ ಹುಣಿಯಲ್ಲಿ ಓಡಿ ಕರೆದುಕೊಂಡು ಬರಬೇಕು. ಅಷ್ಟರೊಳಗೆ ಆಚೆ ಕಡೆ ಮೀಟರ್ ಓಡುತ್ತದಲ್ಲ, ಹಾಗಾಗಿ "ಐದು ನಿಮಿಷ ಬಿಟ್ಟು ಪುನಃ ಮಾಡ್ತೇನೆ, ಕರೆದಿಡಿ" ಎಂದು ಇಡುವುದು ವಾಡಿಕೆ. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದ ಮೇಲೆ ಎಷ್ಟೋ ಸಲೀಸಾಯಿತು, ಆದರೆ ಹಗಲಿನ ದರ ಪೂರ್ತಿ, ರಾತ್ರಿ 11ರ ನಂತರ ಕಾಲು. ಅದಕ್ಕೇ ಹನ್ನೊಂದಕ್ಕೆ ಬೂತಿನ ಎದುರು ಸಾಲು. ಗಾಜಿನ ಬಾಗಿಲಿನೊಳಗೆ ಕೆಂಪು ಅಂಕೆಗಳು ಏರುತ್ತಿರುತ್ತವೆ, ಒಳಗಿದ್ದವರ ಕಣ್ಣು ಅಂಕೆಯ ಮೇಲೆ, ಹೊರಗಿದ್ದವರ ಕಿವಿ ಒಳಗಿನ ಮಾತಿನ ಮೇಲೆ. ಮಸ್ಕತ್ತಿನಲ್ಲೋ ದುಬೈಯಲ್ಲೋ ಇದ್ದವರಿಗೆ ಮಗು ಹುಟ್ಟಿದ ಸುದ್ದಿ ಮುಟ್ಟುತ್ತಿತ್ತು, ಮಗುವಿನ ಮುಖ ಕಾಣಬೇಕಾದರೆ ಫೋಟೋ ತೊಳೆಸಿ, ಲಕೋಟೆಗೆ ಹಾಕಿ, ಅದು ಹೋಗಿ ಮುಟ್ಟಬೇಕು. ಈಗ ಅಜ್ಜಿ ದೋಸೆ ಹೊಯ್ಯುತ್ತಾ ವೀಡಿಯೋ ಕರೆಯಲ್ಲಿ ಮಾತಾಡುತ್ತಾರೆ. ಈ ಒಂದಕ್ಕೆ ಹಿಂದಿನ ಕಾಲದಲ್ಲಿ ಸರಿಸಾಟಿಯೇ ಇಲ್ಲ.

ಒಂದೇ ಒಂದು ಕಡೆ ಹಳೆಯ ಫೋನು ಮೇಲುಗೈ: ಕರೆಂಟು ಹೋದಾಗ. ತಾಮ್ರದ ತಂತಿಯ ಲ್ಯಾಂಡ್‌ಲೈನಿಗೆ ವಿದ್ಯುತ್ತು ಬರುತ್ತಿದ್ದದ್ದು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ, ಅದೇ ತಂತಿಯಲ್ಲಿ. ಮನೆಯ ಕರೆಂಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮಳೆಗೆ ಕೇಬಲ್ ನೆನೆದರೆ ಆಟಿ ತಿಂಗಳು ಪೂರ್ತಿ ಸತ್ತು ಮಲಗುತ್ತಿತ್ತು ಎನ್ನುವುದು ಬೇರೆ ಮಾತು. ಈಗಿನ ಫೈಬರ್ ಮಳೆಗೆ ಹೆದರುವುದಿಲ್ಲ, ಆದರೆ ಮನೆಯೊಳಗಿನ ಪೆಟ್ಟಿಗೆಗೆ ಕರೆಂಟು ಬೇಕು. ಮೆಸ್ಕಾಂ ಕರೆಂಟು ಹೋದ ಕ್ಷಣ ನೆಟ್ಟೂ ಇಲ್ಲ, ಅದರ ಮೇಲಿನ ಫೋನೂ ಇಲ್ಲ. ಇದಕ್ಕೆ ರೂಟರ್ ಯುಪಿಎಸ್ ಎಂಬ ಅಂಗೈಯಗಲದ ಪೆಟ್ಟಿಗೆ ಸಿಗುತ್ತದೆ. ತರುವ ಮೊದಲು ಅಡಾಪ್ಟರಿನ ಮೇಲೆ ಬರೆದದ್ದನ್ನು ಓದಿ. ಹೆಚ್ಚಿನವು 12 ವೋಲ್ಟ್, 1ರಿಂದ 2 ಆಂಪಿಯರ್. ವೋಲ್ಟ್ ಅಷ್ಟೇ ಇರಬೇಕು, ಯುಪಿಎಸ್‌ನ ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಹಾಕಿ 'ಯುಪಿಎಸ್ ಕೆಲಸ ಮಾಡುವುದಿಲ್ಲ' ಎಂದು ಅಂಗಡಿಗೆ ವಾಪಸು ಕೊಂಡೊಯ್ಯುವವರೇ ಜಾಸ್ತಿ. ಸಿಡಿಲಿಗೆ ಇದು ರಕ್ಷಣೆಯಲ್ಲ. ಗಾಜಿನ ಎಳೆಯಲ್ಲಿ ಸಿಡಿಲು ಹರಿಯದಿದ್ದರೂ ಅಡಾಪ್ಟರಿನ ದಾರಿಯಲ್ಲಿ ಬಂದೀತು, ಗುಡುಗು ಹತ್ತಿರ ಬಂದಾಗ ಪ್ಲಗ್ ತೆಗೆಯುವ ಹಳೆಯ ಅಭ್ಯಾಸ ಬಿಡಬೇಡಿ.

ಇನ್ನು ಸರಕಾರಿ ಕಾಗದ. 1997ರ ಆಗಸ್ಟಿನಲ್ಲಿ ಉಡುಪಿ ಜಿಲ್ಲೆ ಆಗುವವರೆಗೆ ಬೈಂದೂರಿನವರಿಗೂ ಜಿಲ್ಲಾಧಿಕಾರಿ ಕಚೇರಿ ಎಂದರೆ ಮಂಗಳೂರು, 120 ಕಿಲೋಮೀಟರಿಗೂ ಮಿಕ್ಕಿದ ದಾರಿ. ಜಾಗದ ಆರ್‌ಟಿಸಿ, ಅಂದರೆ ಪಹಣಿ, ಗ್ರಾಮಕರಣಿಕರ ಕೈಬರಹದಲ್ಲಿ ಇರುತ್ತಿತ್ತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ. ಅವರು ಸಿಕ್ಕಿದರೆ ಕೆಲಸ, ಇಲ್ಲದಿದ್ದರೆ ನಾಳೆ ಬನ್ನಿ. ಈ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಬಂದು ತಾಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿಗೆ ಪ್ರಿಂಟು ಸಿಗತೊಡಗಿದಾಗ ಹೋದದ್ದು ಬರೀ ವಿಳಂಬ ಅಲ್ಲ, ಒಬ್ಬರ ಮುಖ ನೋಡಿ ಕಾಯುವ ಹಂಗು. ಆದರೆ ಪ್ರಿಂಟು ಬೇಗ ಸಿಕ್ಕಿದ ಮಾತ್ರಕ್ಕೆ ಒಳಗಿನದು ಸರಿ ಇದೆ ಎಂದಲ್ಲ. ಮಾಲಕರ ಹೆಸರಿನ 9ನೇ ಕಾಲಂನಲ್ಲಿ ಅಜ್ಜನ ಹೆಸರು ಹಾಗೇ ಇರುತ್ತದೆ, 11ರಲ್ಲಿ ಎಂದೋ ತೀರಿಸಿದ ಸಾಲ ಕೂತಿರುತ್ತದೆ, ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಒಂದೇ ಆರ್‌ಟಿಸಿಯಲ್ಲಿ ಹತ್ತಾರು ಮಾಲಕರ ಹೆಸರು ಇರುವುದೂ ಸಾಮಾನ್ಯ. ಅದನ್ನು ಸರಿಪಡಿಸಲು ಇವತ್ತಿಗೂ ಚಪ್ಪಲಿ ಸವೆಯಬೇಕು.

ಇಲ್ಲಿ ಒಂದು ಮಾತು. ಒಳ್ಳೆಯದಕ್ಕೂ ಕೆಟ್ಟದಕ್ಕೂ ನೆಟ್ಟನ್ನೇ ಹಿಡಿದು ಹೇಳುವ ಚಾಳಿ ನಮಗೆ ಅಂಟಿಕೊಂಡಿದೆ. ಮಂಗಳೂರಿಂದ ಮುಂಬೈಗೆ ರೈಲು ದಾರಿ 2,041 ಕಿಲೋಮೀಟರ್ ಇದ್ದದ್ದು 914ಕ್ಕೆ ಇಳಿದದ್ದು, 41 ಗಂಟೆಯ ಪ್ರಯಾಣ ಮೂರನೇ ಒಂದು ಪಾಲಿನ ಹತ್ತಿರ ಬಂದದ್ದು 1998ರ ಕೊಂಕಣ ರೈಲಿನಿಂದ. ಮೀನಿನ ದರದ ಕಥೆಯೂ ಹಾಗೆಯೇ. ಕಾಸರಗೋಡಿನಿಂದ ಕೋಝಿಕ್ಕೋಡಿನವರೆಗೆ ಬೂತಾಯಿ ಮೀನು ಹಿಡಿಯುವವರನ್ನು ಅಧ್ಯಯನ ಮಾಡಿ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದೋಣಿಯಿಂದಲೇ ಫೋನ್ ಮಾಡಿ ಯಾವ ದಕ್ಕೆಯಲ್ಲಿ ಎಷ್ಟು ದರ ಎಂದು ಕೇಳತೊಡಗಿದ ಮೇಲೆ ಮೀನುಗಾರರ ಲಾಭ ಶೇ. 8ರಷ್ಟು ಏರಿತು, ಕೊಳ್ಳುವವರಿಗೆ ದರ ಶೇ. 4ರಷ್ಟು ಇಳಿಯಿತು, ಮಾರಲಾಗದೆ ಚೆಲ್ಲುವುದು ನಿಂತಿತು. ಅದಕ್ಕೆ ಸಾಕಾದದ್ದು ಬರೀ ಮಾತಾಡುವ ಮೊಬೈಲು, ನೆಟ್ ಅಲ್ಲ. ಅಡುಗೆಮನೆಗೆ ಬಂದರೆ ಕಡೆಯುವ ಕಲ್ಲಿನಿಂದ ಬಿಡಿಸಿದ್ದು ಮಿಕ್ಸಿ, ಹೊಗೆಯಿಂದ ಬಿಡಿಸಿದ್ದು ಗ್ಯಾಸು. ನೆಟ್ಟಿನಿಂದ ಅಲ್ಲಿ ಆದದ್ದು ಅಷ್ಟಕ್ಕಷ್ಟೆ: ಸರಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆಯರು ಕೊಡುವ ಹೊತ್ತು 2019ರಲ್ಲಿ ದಿನಕ್ಕೆ 299 ನಿಮಿಷ, 2024ರಲ್ಲಿ 289. ಗಂಡಸರದ್ದು 97 ಇದ್ದದ್ದು 88ಕ್ಕೆ ಇಳಿಯಿತು. ನೆಮ್ಮದಿ ಇತ್ತು ಎನ್ನುವ ಮಾತನ್ನು ಮನೆಯಲ್ಲಿ ಯಾರು ಹೇಳುತ್ತಾರೆ ಎಂಬುದನ್ನೂ ಸ್ವಲ್ಪ ಗಮನಿಸಿ.

ಹಾಗಾದರೆ ಹಿರಿಯರು ನೆಮ್ಮದಿ ಎನ್ನುವುದು ಯಾವುದಕ್ಕೆ? ಬಾಗಿಲು ಹಾಕುವ ಹೊತ್ತಿಗೆ. ಆಗ ಓಡಾಟ ಜಾಸ್ತಿ, ಆದರೆ ಓಡಾಟಕ್ಕೆ ಒಂದು ಕೊನೆ ಇತ್ತು. ಬ್ಯಾಂಕಿನಲ್ಲಿ ಚೆಕ್ ಕೊಟ್ಟು ಹಿತ್ತಾಳೆ ಟೋಕನ್ ಹಿಡಿದು ಕೂತರೆ ಮಧ್ಯಾಹ್ನ ಎರಡಕ್ಕೆ ಕೌಂಟರ್ ಬಂದ್. ಅಂಚೆ ಡಬ್ಬಿಯ ತಗಡಿನಲ್ಲಿ ಕೊನೆಯ ವಿಲೇವಾರಿಯ ಸಮಯ ಬರೆದಿರುತ್ತಿತ್ತು, ಅದು ದಾಟಿದರೆ ಕಾಗದ ನಾಳೆಗೆ, ಬರೆದವರ ತಲೆಬಿಸಿಯೂ ನಾಳೆಗೆ. ಆಫೀಸಿನ ಫೈಲು ಮೇಜಿನ ಮೇಲೆ ಮಲಗುತ್ತಿತ್ತು, ನೌಕರರು ಬಸ್ಸು ಹತ್ತುತ್ತಿದ್ದರು. ದೀಪಾವಳಿಯಿಂದ, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆವರೆಗೆ ಇವತ್ತು ಯಾವ ಯಕ್ಷಗಾನ ಮೇಳದ ಆಟ ಎಲ್ಲಿ ಎಂದು ಪತ್ರಿಕೆಯಲ್ಲಿ ನೋಡಿ ಒಂದನ್ನು ಆರಿಸಿ ಹೋದರೆ ಮುಗಿಯಿತು, ಇನ್ನೊಂದು ಕಡೆ ಇದಕ್ಕಿಂತ ಚಂದ ಆಗುತ್ತಿರಬಹುದೇ ಎಂದು ರಂಗಸ್ಥಳದ ಎದುರು ಕೂತು ಹುಡುಕುವ ಉಪಾಯ ಇರಲಿಲ್ಲ. ಈಗ ಕ್ಯೂ ಇಲ್ಲ, ಬೀಗವೂ ಇಲ್ಲ. ರಾತ್ರಿ ಹತ್ತೂವರೆಗೆ ಶಾಲೆಯ ಗುಂಪಿನಲ್ಲಿ 'ನಾಳೆ ಬಿಳಿ ಸಾಕ್ಸ್' ಎಂದು ಬರುತ್ತದೆ, ಹನ್ನೊಂದಕ್ಕೆ ಕಚೇರಿಯಿಂದ 'ನೋಡಿದಿರಾ?'

ಆ ಬೀಗವನ್ನು ಮಾತ್ರ ವಾಪಸು ತರಬಹುದು, ಅದಕ್ಕೆ ಫೋನು ಬಿಸಾಡಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡು ನಾಟ್ ಡಿಸ್ಟರ್ಬ್' ಹುಡುಕಿ ರಾತ್ರಿ 9:30ರಿಂದ ಬೆಳಿಗ್ಗೆ 6ಕ್ಕೆ ಶೆಡ್ಯೂಲ್ ಹಾಕಿ. ಕರೆಗಳ ವಿಭಾಗದಲ್ಲಿ 'ಸ್ಟಾರ್ಡ್ ಕಾಂಟ್ಯಾಕ್ಟ್ಸ್'ಗೆ ಮಾತ್ರ ಅನುಮತಿ ಕೊಡಿ, ಮನೆಯ ನಾಲ್ಕೈದು ಮಂದಿಗೆ ಸ್ಟಾರ್ ಒತ್ತಿ. 'ರಿಪೀಟ್ ಕಾಲರ್ಸ್' ಚಾಲು ಇಟ್ಟರೆ ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಬಂದ ಕರೆ ಮೊಳಗುತ್ತದೆ, ನಿಜವಾದ ತುರ್ತಿನವರು ಎರಡು ಸಲ ಮಾಡಿಯೇ ಮಾಡುತ್ತಾರೆ. ವಾಟ್ಸ್ಆ್ಯಪ್ ಗುಂಪುಗಳನ್ನು ಎಂಟು ಗಂಟೆಯ ಅವಧಿಗೆ ಮಾತ್ರ ಮ್ಯೂಟ್ ಮಾಡುವುದರಿಂದ ಪ್ರಯೋಜನವಿಲ್ಲ, ನಾಳೆ ಮರೆತಿರುತ್ತೀರಿ. 'ಆಲ್ವೇಸ್' ಆರಿಸಿ, ಆರ್ಕೈವ್‌ಗೆ ಹಾಕಿ, ದಿನಕ್ಕೆ ಎರಡು ಹೊತ್ತು ಪೋಸ್ಟ್ ಡಬ್ಬಿ ತೆರೆದಂತೆ ತೆರೆದು ನೋಡಿ. 'ಸ್ಟೋರೇಜ್ ಆ್ಯಂಡ್ ಡೇಟಾ'ದಲ್ಲಿ ಮೀಡಿಯಾ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಚಾರ್ಜರನ್ನು ಮಲಗುವ ಕೋಣೆಯಿಂದ ಚಾವಡಿಗೆ ತನ್ನಿ. 'ಅಲಾರಾಂಗೆ ಫೋನು ಬೇಕಲ್ಲ' ಎನ್ನುವ ನೆಪ ಖಂಡಿತ ಬರುತ್ತದೆ, ಅದಕ್ಕೊಂದು ಟೇಬಲ್ ಗಡಿಯಾರ ತಂದಿಡಿ.

ಇದರಲ್ಲಿ ತಪ್ಪುವುದು ಹೆಚ್ಚಾಗಿ ಒಂದೇ ಕಡೆ. ಮಗ, ಮಗಳು ಪರದೇಶದಲ್ಲಿದ್ದರೆ ಅವರು ಮಾಮೂಲಿ ಕರೆ ಮಾಡುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಮಾಡುತ್ತಾರೆ, ದುಬೈಯಲ್ಲಿದ್ದವರಾದರೆ ಹೆಚ್ಚಾಗಿ ಬೋಟಿಮ್‌ನಲ್ಲಿ. ಸ್ಟಾರ್ ಒತ್ತಿದ ವಿನಾಯಿತಿ ಇಂಥ ಆ್ಯಪ್ ಕರೆಗಳಿಗೆ ಕೆಲವು ಫೋನುಗಳಲ್ಲಿ ಲಾಗೂ ಆಗುವುದಿಲ್ಲ. ಅದೇ ಸೆಟ್ಟಿಂಗ್‌ನ 'ಆ್ಯಪ್ಸ್' ವಿಭಾಗಕ್ಕೆ ಹೋಗಿ ಆ ಆ್ಯಪ್ ಅನ್ನು ಬೇರೆಯಾಗಿ ಸೇರಿಸಬೇಕು. ಸೇರಿಸಿದ ದಿನ ರಾತ್ರಿ ಅವರಿಂದಲೇ ಒಂದು ಕರೆ ಮಾಡಿಸಿ, ಫೋನು ಚಾವಡಿಯಲ್ಲಿ ಮೊಳಗಿದ್ದು ಕೋಣೆಗೆ ಕೇಳುತ್ತದಾ ಎಂದು ನೋಡಿ.