ಕಂಪ್ಯೂಟರೇ ಬೂಟ್ ಆಗದಿದ್ದರೆ ಸ್ನ್ಯಾಪ್‌ಶಾಟ್ ತೆರೆಯುವುದು ಎಲ್ಲಿಂದ?

ಪ್ರಶ್ನೆ: ಲಿನಕ್ಸ್ ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ತಂತ್ರಾಂಶ ದಿನಾ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿಗೆ ಸಿಸ್ಟಮ್ ಹೇಗಿತ್ತೋ ಅದರ ಪ್ರತಿ, ತೆಗೆಯುತ್ತಿದೆ. ಆದರೆ ಅಪ್‌ಡೇಟ್ ಕೈಕೊಟ್ಟು ಕಂಪ್ಯೂಟರೇ ಏಳದಿದ್ದರೆ ಟೈಮ್‌ಶಿಫ್ಟ್ ತೆರೆಯುವುದು ಹೇಗೆ?

ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಗುತ್ತಲ್ವಾ ಅನ್ನೋದು ನಿಮ್ಮ ಅನುಮಾನ. ಹಾಗೇನಿಲ್ಲ. ಇನ್ನೊಂದು ಕೈ ಹೊರಗಿದೆ. ಅದು ನೀವು ಮಿಂಟ್ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್.

ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಮೆನುವಿನಲ್ಲೇ ಟೈಮ್‌ಶಿಫ್ಟ್ ಸಿಗುತ್ತದೆ. ಸ್ನ್ಯಾಪ್‌ಶಾಟ್ ಇರುವ ಡಿಸ್ಕನ್ನು ತೋರಿಸಿ. ಕೆಡುವುದಕ್ಕೆ ಮುಂಚಿನ ತಾರೀಕು ಆರಿಸಿ, ರಿಸ್ಟೋರ್ ಒತ್ತಿ. ಯಾವ ಪಾರ್ಟಿಷನ್‌ಗೆ (ಡಿಸ್ಕ್‌ನ ಭಾಗಕ್ಕೆ) ಹಾಕಲಿ ಎಂದು ಕೇಳಿದಾಗ ಮಾತ್ರ ಆತುರ ಬೇಡ, ಎರಡು ಸಲ ನೋಡಿ. ಬೇಕಿದ್ದರೆ ಕಂಪ್ಯೂಟರ್ ಹಚ್ಚಿದಾಗ ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್ ಅನ್ನೂ ಅದೇ ಮತ್ತೆ ಕೂರಿಸುತ್ತದೆ. ಪೆನ್‌ಡ್ರೈವನ್ನು ಈಗಲೇ ಮಾಡಿಟ್ಟುಕೊಳ್ಳಿ. ಕೆಟ್ಟ ಮೇಲೆ ಮಾಡೋಣ ಅಂದರೆ ಇನ್ನೊಬ್ಬರ ಲ್ಯಾಪ್‌ಟಾಪ್ ಕೇಳಿಕೊಂಡು ಹೋಗಬೇಕು. ನಾನು ಹೋಗಿದ್ದೇನೆ!

ಎಷ್ಟೋ ಸಲ ಪೆನ್‌ಡ್ರೈವ್ ಕೂಡ ಬೇಡ. ಗ್ರಾಫಿಕ್ಸ್ ಡ್ರೈವರ್ ಕೆಟ್ಟು ಪರದೆ ಕಪ್ಪಾಗಿದ್ದರೂ ಒಳಗೆ ಲಿನಕ್ಸ್ ಓಡುತ್ತಿರಬಹುದು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ನೋಡಿ. ಟರ್ಮಿನಲ್ ಬಂದರೆ ಲಾಗಿನ್ ಆಗಿ ಟೈಮ್‌ಶಿಫ್ಟ್‌ನ ರಿಸ್ಟೋರ್ ಆಜ್ಞೆಯನ್ನು ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಜೊತೆ ಕೊಟ್ಟರಾಯಿತು. ಓಪನ್‌ಸೂಸೆ ಎಂಬ ಇನ್ನೊಂದು ಲಿನಕ್ಸ್ ಬಳಸುವವರಿಗೆ ಇನ್ನೂ ಸುಲಭ. ಅಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಡಿಸ್ಕ್ ಫಾರ್ಮ್ಯಾಟ್ ಮತ್ತು ಸ್ನ್ಯಾಪ್‌ಶಾಟ್ ನೋಡಿಕೊಳ್ಳುವ ಸ್ನ್ಯಾಪರ್ ಸೇರಿ ಗ್ರಬ್ ಮೆನುವಿನಲ್ಲೇ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೋರಿಸುತ್ತವೆ. ಒಂದರೊಳಗೆ ಬೂಟ್ ಆಗಿ, ಸರಿಯಿದೆ ಅನ್ನಿಸಿದರೆ ರೋಲ್‌ಬ್ಯಾಕ್ ಮಾಡಿ ಅದಕ್ಕೇ ಕಾಯಂ ಮರಳಬಹುದು.

ಜಾಗ ಜಾಸ್ತಿ ತಿನ್ನುತ್ತದೆಯೇ? ಟೈಮ್‌ಶಿಫ್ಟ್‌ನ ಆರ್‌ಸಿಂಕ್ (ಫೈಲ್‌ಗಳನ್ನು ನಕಲು ಮಾಡುವ) ವಿಧಾನದಲ್ಲಿ ಮೊದಲನೆಯ ಸ್ನ್ಯಾಪ್‌ಶಾಟ್ ಇಡೀ ಸಿಸ್ಟಮ್‌ನ ಪ್ರತಿ, ಹಾಗಾಗಿ ದೊಡ್ಡದು. ಆಮೇಲಿನವು ಬದಲಾದ ಫೈಲ್‌ಗಳನ್ನಷ್ಟೇ ಹೊಸದಾಗಿ ಇಡುತ್ತವೆ, ಉಳಿದದ್ದಕ್ಕೆ ಹಾರ್ಡ್‌ಲಿಂಕ್, ಅಂದರೆ ಆಗಲೇ ಇರುವ ಫೈಲ್‌ಗೇ ಇನ್ನೊಂದು ಹೆಸರು. ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಇಡುವುದಾದರೆ ಅದು ಇಎಕ್ಸ್‌ಟಿ4ನಂಥ ಲಿನಕ್ಸ್ ಫಾರ್ಮ್ಯಾಟ್‌ನಲ್ಲಿರಬೇಕು. ವಿಂಡೋಸ್‌ನ ಎನ್‌ಟಿಎಫ್‌ಎಸ್ ನಡೆಯುವುದಿಲ್ಲ.

ಇದನ್ನು ಬ್ಯಾಕಪ್ ಅಂದುಕೊಂಡು ಸುಮ್ನೆ ಕೂರಬೇಡಿ. ನಿಮ್ಮ ಫೋಟೋ, ಕಡತಗಳಿರುವ ಹೋಮ್ ಫೋಲ್ಡರನ್ನು ಟೈಮ್‌ಶಿಫ್ಟ್ ತಾನಾಗಿ ಮುಟ್ಟುವುದಿಲ್ಲ. ಮುಟ್ಟದಿರುವುದೇ ಒಳ್ಳೆಯದು, ಇಲ್ಲದಿದ್ದರೆ ಹೋದ ವಾರಕ್ಕೆ ಮರಳುವಾಗ ನಿನ್ನೆ ಬರೆದದ್ದೂ ಹೋಗುತ್ತಿತ್ತು. ಆ ಫೈಲ್‌ಗಳಿಗೆ ಬೇರೆ ಡಿಸ್ಕ್‌ನಲ್ಲಿ ಬೇರೆ ಬ್ಯಾಕಪ್ ಇರಲಿ.

ದೊಡ್ಡ ಅಪ್‌ಡೇಟ್‌ಗೆ ಮುಂಚೆ ನೀವೇ ಒಂದು ಸ್ನ್ಯಾಪ್‌ಶಾಟ್ ತೆಗೆದು, ಕಾಮೆಂಟ್ ಕಾಲಂನಲ್ಲಿ ‘ಡ್ರೈವರ್ ಹಾಕುವ ಮುಂಚೆ’ ಅಂತ ಬರೆಯಿರಿ. ಬರೀ ತಾರೀಕುಗಳ ಪಟ್ಟಿಯಲ್ಲಿ ಒಳ್ಳೆಯ ದಿನ ಯಾವುದಿತ್ತು ಅಂತ ನೆನಪಾಗುವುದಿಲ್ಲ.