ಖವಾಜಾ ಶೂ ಮೇಲೆ ಬರೆದಿದ್ದು ರಾಜಕೀಯವೇ?

ಆಟಗಾರರ ಒಪ್ಪಂದ ಓದಿ ಸಲಹೆ ಕೊಡುವುದು ನನ್ನ ವಕೀಲಿ ಕೆಲಸದ ಒಂದು ಭಾಗ. ಸಹಿ ಹಾಕುವ ಮೊದಲು ಹುಡುಗರು ಕೇಳುತ್ತಾರೆ: "ಸರ್, ಅನಿಸಿದ್ದನ್ನು ಹೇಳೋ ಹಕ್ಕು ಸಂವಿಧಾನದಲ್ಲೇ ಇದೆ ಅಲ್ವಾ?"

ಇದೆ, 19ನೇ ವಿಧಿಯಲ್ಲಿ. ಆದರೆ ಅದನ್ನು ಹಿಡಿದು ಕ್ರಿಕೆಟ್ ಮಂಡಳಿಯ ಎದುರು ಕೇಸು ಗೆಲ್ಲುವುದು ಕಷ್ಟ. ಸಂವಿಧಾನ ಹೇಳುವ ‘ಪ್ರಭುತ್ವ’ದೊಳಗೆ, ಅಂದರೆ ಸರ್ಕಾರ ಮತ್ತು ಅದರ ಸಂಸ್ಥೆಗಳ ಸಾಲಿನಲ್ಲಿ, ಬಿಸಿಸಿಐ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ತೀರ್ಪು ಕೊಟ್ಟಿತು. 226ನೇ ವಿಧಿಯಡಿ ಹೈಕೋರ್ಟ್‌ಗೆ ಹೋಗುವ ದಾರಿಯನ್ನು ಮಾತ್ರ ತೆರೆದಿಟ್ಟಿತು. ಉಳಿದಂತೆ ಮೈದಾನದಲ್ಲಿ ನಡೆಯುವುದು ನಿಯಮಪುಸ್ತಕದ ಮಾತೇ.

ಆ ಪುಸ್ತಕ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ನಾನು ಆಸ್ಟ್ರೇಲಿಯಾದ ಬ್ಯಾಟರ್ ಉಸ್ಮಾನ್ ಖವಾಜಾ ಕಥೆ ಹೇಳುತ್ತೇನೆ. 2023ರ ಡಿಸೆಂಬರ್, ಪರ್ತ್ ಟೆಸ್ಟ್. ಗಾಜಾದಲ್ಲಿ ಮಕ್ಕಳು ಸಾಯುತ್ತಿದ್ದ ಸಮಯ. ‘ಎಲ್ಲ ಜೀವಗಳೂ ಸಮಾನ’, ‘ಸ್ವಾತಂತ್ರ್ಯ ಮಾನವ ಹಕ್ಕು’ ಎಂದು ಶೂ ಮೇಲೆ ಬರೆದುಕೊಂಡು ಅವರು ಅಭ್ಯಾಸಕ್ಕೆ ಇಳಿದರು. ಪಂದ್ಯದಲ್ಲಿ ಇದು ನಡೆಯಲ್ಲ ಎಂದಿತು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಐಸಿಸಿ. ಅಕ್ಷರಗಳ ಮೇಲೆ ಟೇಪ್ ಅಂಟಿಸಿ, ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಆಡಿದರು. ಪಟ್ಟಿಗೂ ಛೀಮಾರಿ ಬಂತು. ಮೆಲ್ಬರ್ನ್ ಟೆಸ್ಟ್‌ಗೆ ಪಾರಿವಾಳದ ಚಿತ್ರ ಹಾಕಲು ಅನುಮತಿ ಕೇಳಿದರು. ಅದೂ ಸಿಗಲಿಲ್ಲ. ಅದೇ ತಂಡದ ಲಬುಶೇನ್ ಬ್ಯಾಟ್ ಮೇಲೆ ಬೈಬಲ್ ವಚನ ನೆನಪಿಸುವ ಹದ್ದು ಇತ್ತು. ಎರಡಕ್ಕೂ ಏನು ವ್ಯತ್ಯಾಸ ಎಂದು ನಾಯಕ ಕಮಿನ್ಸ್ ಅವರೇ ಕೇಳಿದರು.

ನಿಯಮ ಹೇಳುವುದಿಷ್ಟು: ಸಂದೇಶ ತೋರಿಸಲು ಮೊದಲೇ ಒಪ್ಪಿಗೆ ಬೇಕು, ರಾಜಕೀಯ, ಧರ್ಮ, ಜನಾಂಗದ ವಿಷಯಕ್ಕೆ ಒಪ್ಪಿಗೆ ಇಲ್ಲ. ಆದರೆ 2020ರಲ್ಲಿ ಸೌತಾಂಪ್ಟನ್‌ನಲ್ಲಿ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ (ಕರಿಯರ ಜೀವಕ್ಕೂ ಬೆಲೆಯಿದೆ) ಲಾಂಛನ ಇಂಗ್ಲೆಂಡ್, ವೆಸ್ಟ್ ಇಂಡೀಸ್ ಎರಡೂ ತಂಡಗಳ ಕಾಲರ್ ಮೇಲಿತ್ತು. 2019ರಲ್ಲಿ ರಾಂಚಿಯಲ್ಲಿ ನಮ್ಮವರು ಪುಲ್ವಾಮಾ ಯೋಧರ ನೆನಪಿಗೆ ಸೇನೆಯ ಟೋಪಿ ಹಾಕಿ ಆಡಿದರು. ಎರಡಕ್ಕೂ ಐಸಿಸಿ ಒಪ್ಪಿತ್ತು. ಒಪ್ಪಿದ್ದು ಸರಿ ಎಂದೇ ನನ್ನ ಅನಿಸಿಕೆ. ಇಡೀ ತಂಡ, ಮಂಡಳಿ ಜೊತೆಗಿದ್ದಾಗ ಅದು ಗೌರವ. ಒಬ್ಬನೇ ನಿಂತಾಗ ಅದು ರಾಜಕೀಯ. ಈ ಅಳತೆ ನನಗೆ ನ್ಯಾಯ ಅನ್ನಿಸುವುದಿಲ್ಲ. ದನಿ ಎತ್ತಲು ರಕ್ಷಣೆ ಹೆಚ್ಚು ಬೇಕಿರುವುದು ಒಂಟಿಯಾದವನಿಗೇ ಅಲ್ವಾ?

ಅದಕ್ಕೇ ಪ್ರತಿ ಒಪ್ಪಂದದ ಕರಡಿಗೂ ನಾನು ಒಂದು ಸಾಲು ಸೇರಿಸುತ್ತೇನೆ: ‘ಅನುಮತಿ ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು.’ ಬಹಳ ಸಲ ಆ ಸಾಲು ಹೊಡೆದುಹಾಕಿ ಕರಡು ವಾಪಸ್ ಬರುತ್ತದೆ. ಮುಂದಿನ ಹುಡುಗನ ಕರಡಿನಲ್ಲಿ ಮತ್ತೆ ಬರೆಯುತ್ತೇನೆ.