ದೇವರು ವರ ಕೊಟ್ಟರೂ ಕಂಪೈಲರ್ ಕೊಡಲಿಲ್ಲ

ಪುಸ್ತಕದಲ್ಲಿ ಅಚ್ಚಾಗಿದೆ ಅಂದಮೇಲೆ ಅದು ಇದ್ದೇ ಇರುತ್ತದೆ ಎಂದು ನಂಬುವವರು ಬಹಳ ಜನ. ಅವರಿಗೆ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯ 'ಎಕ್ಸ್‌ಪೋರ್ಟ್' ಪದದ ಕಥೆ ಹೇಳಬೇಕು. ಆ ಭಾಷೆಯ ನಿಯಮಗಳನ್ನು ಬರೆದಿಟ್ಟ 1998ರ ಐಎಸ್ಒ ಮಾನದಂಡದಲ್ಲಿ ಅದು ಠೀವಿಯಿಂದ ಕೂತಿತ್ತು. ನಂಬಿ ಬಳಸಿದರೆ ಜಿಸಿಸಿ ಎಂಬ ಕಂಪೈಲರ್ (ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) "ಇದನ್ನು ಅಳವಡಿಸಿಲ್ಲ, ಕಡೆಗಣಿಸುತ್ತೇನೆ" ಎಂದು ಎಚ್ಚರಿಸಿ ಸುಮ್ನೆ ಮುಂದೆ ಹೋಗುತ್ತಿತ್ತು.

ಆ ಪದದ ಹಿಂದಿನ ಆಸೆ ಸಣ್ಣದೇ. ಟೆಂಪ್ಲೇಟನ್ನು, ಅಂದರೆ ಬೇರೆ ಬೇರೆ ಬಗೆಯ ಡೇಟಾಗೆ ಹೊಂದುವಂತೆ ಬರೆದ ಕೋಡನ್ನು, ಪೂರ್ತಿ ಹೆಡರ್ ಫೈಲಿಗೆ (ಬಳಸುವ ಫೈಲುಗಳೆಲ್ಲ ತಮ್ಮೊಳಗೆ ಸೇರಿಸಿಕೊಳ್ಳುವ ಫೈಲು) ತುರುಕುವ ಬದಲು, ಮಾಮೂಲಿ ಫಂಕ್ಷನ್ ಥರ ಬೇರೆ ಫೈಲಿನಲ್ಲಿ ಇಡಬೇಕು. ಅದರಲ್ಲೇನು ಕಷ್ಟ, ಅಲ್ವಾ?

ಟೆಂಪ್ಲೇಟ್ ಅಂದರೆ ಹೊಲಿದ ರವಿಕೆಯಲ್ಲ. ಟೈಲರ್ ಇಟ್ಟುಕೊಂಡಿರುವ ಕಾಗದದ ಮಾದರಿ. ಅಳತೆ, ಅಂದರೆ ಯಾವ ಬಗೆಯ ಡೇಟಾ ಎಂಬುದು, ಸಿಗುವವರೆಗೆ ಬಟ್ಟೆಗೆ ಕತ್ತರಿ ಹಾಕುವಂತಿಲ್ಲ. ಮಾದರಿ ಒಂದು ಫೈಲಿನಲ್ಲಿ, ಅಳತೆ ಇನ್ನೊಂದರಲ್ಲಿ. ಎರಡನ್ನೂ ಸೇರಿಸುವ ಲಿಂಕರ್ ಬರೀ ಗುಂಡಿ ಹಾಕುವವನು, ಕತ್ತರಿಸುವ ಕೆಲಸ ಅವನಿಗೆ ಗೊತ್ತಿಲ್ಲ. ಹಾಗಾಗಿ ಕಂಪೈಲರನ್ನೇ ಮತ್ತೆ ಕರೆಯಬೇಕು.

ಅದು ಬಂದರೂ ಮುಗಿಯಲಿಲ್ಲ. ಅಡುಗೆ ಚೀಟಿಯಲ್ಲಿ "ಮನೆಯ ಸಾರಿನ ಪುಡಿ ಎರಡು ಚಮಚ" ಅಂತಿದೆ ಅನ್ನಿ. ಯಾರ ಮನೆಯದು? ಚೀಟಿ ಬರೆದವರದೋ, ಒಲೆ ಮುಂದೆ ನಿಂತವರದೋ? ಟೆಂಪ್ಲೇಟಿನೊಳಗಿನ ಕೆಲವು ಹೆಸರುಗಳ ಅರ್ಥ ಅದನ್ನು ಬರೆದ ಜಾಗದಲ್ಲಿ ಸಿಗುತ್ತದೆ, ಕೆಲವದ್ದು ಬಳಸಿದ ಜಾಗದಲ್ಲಿ. ಕಂಪೈಲರ್ ಎರಡೂ ಅಡುಗೆಮನೆಯ ಡಬ್ಬಿಗಳನ್ನು ತೆರೆದಿಟ್ಟುಕೊಳ್ಳಬೇಕು, ಒಂದರ ಪುಡಿ ಇನ್ನೊಂದಕ್ಕೆ ಬೆರೆಯಲೂಬಾರದು. ಬೇರೆ ಫೈಲು ಅನ್ನುವುದು ಹೆಸರಿಗಷ್ಟೇ!

ಕಂಪೈಲರ್ ಬರೆಯುವ ಇಡಿಜಿ ಎಂಬ ಪುಟ್ಟ ಕಂಪನಿ ಹಠ ಹಿಡಿದು ಇದನ್ನು ಮಾಡಿ ಮುಗಿಸಿತು. ಅವರು ಪಟ್ಟ ಪಾಡನ್ನು ಮುಂದಿಟ್ಟು 2003ರಲ್ಲಿ ಸಿ++ ತಜ್ಞರಾದ ಹರ್ಬ್ ಸಟರ್ ಮತ್ತು ಟಾಮ್ ಪ್ಲಮ್ 'ಇದನ್ನು ತೆಗೆಯಿರಿ' ಎಂದು ಮಾನದಂಡ ರೂಪಿಸುವ ಸಮಿತಿಗೆ ಬರೆದರು. ಸಮಿತಿ ಆಗ ಒಪ್ಪಲಿಲ್ಲ.

ಇಲ್ಲದ್ದನ್ನು ಬರೆಯುವುದು ಹಳೆಯ ಚಾಳಿಯೇ. 1843ರಲ್ಲಿ ಗಣಿತಜ್ಞೆ ಏಡಾ ಲವ್ಲೇಸ್ ಬರ್ನೂಲಿ ಸಂಖ್ಯೆಗಳ (ಗಣಿತದ ಒಂದು ಸಂಖ್ಯಾಸರಣಿ) ಲೆಕ್ಕವನ್ನು ವಿವರಿಸಿದ್ದು ಚಾರ್ಲ್ಸ್ ಬ್ಯಾಬೇಜ್ ಕಟ್ಟಿ ಮುಗಿಸದ ಲೆಕ್ಕದ ಯಂತ್ರಕ್ಕೆ. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಸಿ ಭಾಷೆಯ ಪುಸ್ತಕದ ಪದಪಟ್ಟಿಯಲ್ಲಿ 'ಎಂಟ್ರಿ' ಇತ್ತು. ಆದರೆ ಯಾವ ಕಂಪೈಲರೂ ಅದನ್ನು ಅಳವಡಿಸಿಲ್ಲ, ಮುಂದಕ್ಕೆಂದು ಕಾದಿರಿಸಿದ್ದು ಎಂದು ಪಕ್ಕದಲ್ಲೇ ಹೇಳಿದ್ದರು. ನನಗೆ ಈ ಪ್ರಾಮಾಣಿಕತೆ ಇಷ್ಟ. ಎಕ್ಸ್‌ಪೋರ್ಟ್ ಪಕ್ಕದಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ಕೊನೆಗೆ 2011ರಲ್ಲಿ ಆ ಸೌಲಭ್ಯವನ್ನು ಮಾನದಂಡದಿಂದ ಕಿತ್ತುಹಾಕಿದರು. ಪದವನ್ನು ಮಾತ್ರ ಎತ್ತಿಟ್ಟುಕೊಂಡರು. 2020ರಲ್ಲಿ ಅದೇ ಪದ ಮಾಡ್ಯೂಲ್‌ಗಳ (ಕೋಡನ್ನು ಬಿಡಿ ಭಾಗಗಳಾಗಿ ಹಂಚುವ ಹೊಸ ವಿಧಾನ) ಕೆಲಸಕ್ಕೆ ಮರಳಿತು. ಈ ಸಲ ಮೈಕ್ರೋಸಾಫ್ಟ್ ಮತ್ತು ಕ್ಲಾಂಗ್ ಕಂಪೈಲರ್‌ಗಳಲ್ಲಿ ಮೊದಲೇ ಪ್ರಯೋಗ ಮಾಡಿ ನೋಡಿದ್ದರು.